ಪ್ಲಾಟಿನಂ ಕೊಳ್ಳುವ ಮುನ್ನ ಆ ಆಮ್ಲದ ಕ್ಯಾನು ನೋಡಿ

ಫಾರ್ಮಿಕ್ ಆಮ್ಲವನ್ನೇ ಇಂಧನವಾಗಿಸಿ ಕರೆಂಟು ಕೊಡುವ ನಿಮ್ಮ ಇಂಧನಕೋಶದಲ್ಲಿ (ಫ್ಯೂಯಲ್ ಸೆಲ್) ಎರಡು ಗಂಟೆಯಲ್ಲಿ ಕರೆಂಟು ಅರ್ಧಕ್ಕಿಳಿಯುತ್ತದೆ, ವೇಗವರ್ಧಕವಾಗಿ ಪಲ್ಲಾಡಿಯಂ ಬಿಟ್ಟು ಪ್ಲಾಟಿನಂ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಪ್ಲಾಟಿನಂ ಮೇಲೆ ಫಾರ್ಮಿಕ್ ಆಮ್ಲ ನೀರು ಕಳೆದುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗಿ ಅಂಟಿಕೊಳ್ಳುತ್ತದೆ, ಜಾಗವೆಲ್ಲ ಮುಚ್ಚಿಹೋಗುತ್ತದೆ. ಪಲ್ಲಾಡಿಯಂ ಮೇಲೆ ಅದು ಹೆಚ್ಚಾಗಿ ನೇರವಾಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮೇಸೆಲ್ ತಂಡ 2000ದ ದಶಕದಲ್ಲಿ ಪಲ್ಲಾಡಿಯಂ ಹಿಡಿದದ್ದು ಈ ಕಾರಣಕ್ಕೇ. ಅವರಿಗೂ ನಿಮ್ಮದೇ ತೊಂದರೆ ಕಾಡಿತ್ತು: ಶುರುವಿನಲ್ಲಿ ಜೋರು, ಆಮೇಲೆ ಸುಸ್ತು.

ನನ್ನ ಮೊದಲ ಅನುಮಾನ ನೀವು ಪುತ್ತೂರಿನಿಂದ ತಂದ, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಮ್ಲದ ಮೇಲೆ. ಶೀಟು ಮಾಡಲು ಅದು ಸಾಕು. ಆದರೆ ಅಂಥ ಸರಕಿನಲ್ಲಿ ಅಸಿಟಿಕ್ ಆಮ್ಲದಂಥ ಕಲಬೆರಕೆ ಇದ್ದರೆ ಪಲ್ಲಾಡಿಯಂ ಅದನ್ನು ತಾಳುವುದಿಲ್ಲ. ಪ್ರಯೋಗಾಲಯ ದರ್ಜೆಯದನ್ನೇ ಕೊಳ್ಳಿ. 85 ಶೇಕಡಾ ಆಮ್ಲವೆಂದರೆ ಸುಮಾರು 22 ಮೋಲಾರ್ (ಲೀಟರಿಗೆ 22 ಮೋಲ್). ಅಷ್ಟು ಗಟ್ಟಿಯಿದ್ದರೆ ಸುಸ್ತು ಬೇಗ ಬರುತ್ತದೆ. 5 ಮೋಲಾರ್‌ಗೆ ಇಳಿಸಿ: 100 ಮಿಲಿ ಆಮ್ಲವನ್ನು ನೀರಿಗೆ ಹಾಕುತ್ತಾ ಒಟ್ಟು 440 ಮಿಲಿ ಮಾಡಿ. ಕೈಗವಸು, ಕನ್ನಡಕ ಇರಲಿ, ಕಿಟಕಿ ತೆರೆದಿರಲಿ. ಗಟ್ಟಿ ಆಮ್ಲ ಇಟ್ಟಲ್ಲೇ ನಿಧಾನವಾಗಿ ವಿಷಾನಿಲ ಬಿಡುತ್ತದೆ, ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಮೂಲೆಗೆ ತಳ್ಳಬೇಡಿ.

ನೀರೂ ಡಿಸ್ಟಿಲ್ಡ್ ಆಗಿರಲಿ. ನಲ್ಲಿ ನೀರಿನ ಕ್ಲೋರೈಡು ಪಲ್ಲಾಡಿಯಂಗೆ ಅಂಟುವುದಷ್ಟೇ ಅಲ್ಲ, ಅದನ್ನು ಕರಗಿಸಲೂ ನೆರವಾಗುತ್ತದೆ. ನೀವು ಪಲ್ಲಾಡಿಯಂ ಕ್ಲೋರೈಡಿನಿಂದಲೇ ಪುಡಿ ಮಾಡಿದ್ದೀರಲ್ಲ, ಚೆನ್ನಾಗಿ ತೊಳೆದಿರಾ? ಕೊನೆಯ ತೊಳೆನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಬಿಳಿ ಮಬ್ಬು ಕಂಡರೆ ಇನ್ನೂ ತೊಳೆಯಬೇಕು.

ಈಗಾಗಲೇ ಸುಸ್ತಾದ ಪುಡಿಯನ್ನು ಎಸೆಯಬೇಡಿ, ಅದು ಸತ್ತಿಲ್ಲ. ಇಂಧನ ಹೊರಹಾಕಿ, ಆ ಬದಿಗೆ ಡಿಸ್ಟಿಲ್ಡ್ ನೀರು ಹರಿಸಿ, ಆನೋಡಿಗೆ (ಇಂಧನ ಬದಿಯ ವಿದ್ಯುದ್ವಾರ) ಕೆಲವೇ ಸೆಕೆಂಡು ಸುಮಾರು 1.2 ವೋಲ್ಟ್ ಕೊಡಿ. ಅಂಟಿದ್ದೆಲ್ಲ ಉತ್ಕರ್ಷಣವಾಗಿ ಬಿಟ್ಟುಹೋಗುತ್ತದೆ. ಇಲ್ಲೇ ಬಹಳ ಜನ ಎಡವುತ್ತಾರೆ: ಈ 1.2 ಹೈಡ್ರೋಜನ್ ವಿದ್ಯುದ್ವಾರಕ್ಕೆ ಹೋಲಿಸಿದ ಲೆಕ್ಕ. ಎದುರಿನ ಗಾಳಿ ಬದಿಯ ವಿದ್ಯುದ್ವಾರಕ್ಕೆ ಹೋಲಿಸಿ 1.2 ಕೊಟ್ಟರೆ ಆನೋಡಿಗೆ ಹತ್ತಿರ ಹತ್ತಿರ 2 ವೋಲ್ಟ್ ಬಿದ್ದು ಪಲ್ಲಾಡಿಯಂ ಕರಗುತ್ತದೆ, ಕೆಳಗಿನ ಇಂಗಾಲವೂ ಸವೆಯುತ್ತದೆ. ಆ ಹೊತ್ತಿಗೆ ಇನ್ನೊಂದು ಬದಿಗೆ ಹೈಡ್ರೋಜನ್ ಬಿಡಿ, ಇಲ್ಲವೇ ರೆಫರೆನ್ಸ್ ಎಲೆಕ್ಟ್ರೋಡ್ (ಹೋಲಿಕೆಗೆಂದೇ ಇಡುವ, ವೋಲ್ಟೇಜು ಬದಲಾಗದ ವಿದ್ಯುದ್ವಾರ) ಇಟ್ಟು ಅಳೆಯಿರಿ.

ತಾಮ್ರ, ನಿಕ್ಕಲ್ ಬೆರೆಸುವ ಯೋಚನೆ ಸದ್ಯಕ್ಕೆ ಬಿಡಿ, ಆಮ್ಲದಲ್ಲಿ ಅವು ಕರಗಿ ಎರಡು ಬದಿಗಳ ನಡುವಿನ ಪೊರೆಗೆ ಸೇರುತ್ತವೆ. ಬೆರೆಸಲೇಬೇಕೆಂದರೆ ಚೂರು ಆಂಟಿಮನಿ, ಅದೂ ಶುದ್ಧ ಆಮ್ಲದಲ್ಲಿ ಒಮ್ಮೆ ಓಡಿಸಿ ನೋಡಿದ ಮೇಲೆ.