ವೆರಿಕೋಸ್ ವೇನ್‌ಗೆ ಲೇಸರ್ ಹಾಕಿ ನಾಳವನ್ನೇ ಮುಚ್ಚಿಬಿಟ್ಟರೆ ಕಾಲಿನ ರಕ್ತ ಎಲ್ಲಿ ಹೋಗುತ್ತದೆ?

ಒಳ್ಳೆಯ ಪ್ರಶ್ನೆ. ಕಾಲಿನಿಂದ ರಕ್ತ ಮೇಲೇರಲು ಎರಡು ದಾರಿ ಇವೆ. ಸ್ನಾಯುಗಳ ನಡುವೆ ಆಳದಲ್ಲಿರುವ ನಾಳಗಳು ಸುಮಾರು 90% ರಕ್ತವನ್ನು ಸಾಗಿಸುತ್ತವೆ. ಚರ್ಮದಡಿಯ ನಾಳಗಳದ್ದು ಉಳಿದ ಸಣ್ಣ ಪಾಲು. ವೆರಿಕೋಸ್ ವೇನ್ ಆದಾಗ ಹಸಿರಾಗಿ ಉಬ್ಬಿ, ಸುರುಳಿಸುತ್ತಿ ಕಾಣುವುದು ಈ ಎರಡನೆಯವೇ.

ಅವುಗಳೊಳಗಿನ ಕವಾಟ ಕೆಟ್ಟಾಗ ಮೇಲೇರಿದ ರಕ್ತ ಮತ್ತೆ ಕೆಳಗೇ ಜಾರುತ್ತದೆ. ಅಂದರೆ ಆ ನಾಳ ಕೆಲಸ ಮಾಡುವುದಿರಲಿ, ತೊಂದರೆಯನ್ನೇ ಜಾಸ್ತಿ ಮಾಡುತ್ತಿರುತ್ತದೆ. ಮುಚ್ಚಿದರೆ ನಷ್ಟವಿಲ್ಲ. ರಕ್ತ ಸರಿಯಿರುವ ನಾಳಗಳಿಗೆ ತಿರುಗಿಕೊಳ್ಳುತ್ತದೆ.

ಸಾಮಾನ್ಯವಾಗಿ ಮೊಣಕಾಲಿನ ಹತ್ತಿರ ಸೂಜಿ ಚುಚ್ಚಿ, ಸ್ಕ್ಯಾನ್ ನೋಡುತ್ತಾ ಲೇಸರ್ ಬೆಳಕು ಸಾಗಿಸುವ ತೆಳು ಫೈಬರನ್ನು ನಾಳದೊಳಗೆ ತೊಡೆಯವರೆಗೆ ತೂರಿಸುತ್ತಾರೆ. ಸುತ್ತಲೂ ಮರಗಟ್ಟಿಸುವ ದ್ರವ ತುಂಬುತ್ತಾರೆ. ಅದು ನೋವನ್ನೂ ತಡೆಯುತ್ತದೆ, ಚರ್ಮ ಸುಡದಂತೆಯೂ ಕಾಯುತ್ತದೆ. ಆಮೇಲೆ ಫೈಬರನ್ನು ನಿಧಾನವಾಗಿ ಹಿಂದಕ್ಕೆಳೆದಂತೆ ಶಾಖಕ್ಕೆ ನಾಳ ಮುದುಡಿಕೊಳ್ಳುತ್ತದೆ. ಹೆಚ್ಚಿನವರು ಅಂದೇ ನಡೆದುಕೊಂಡು ಮನೆಗೆ ಹೋಗುತ್ತಾರೆ. ಕೆಲವು ದಿನ ಬಿಗಿ ಸಾಕ್ಸ್ ಹಾಕಬೇಕು, ಸೆಖೆಯಲ್ಲಿ ಅದೇ ದೊಡ್ಡ ಹಿಂಸೆ ಅಲ್ವಾ!

ಆದರೆ ಮೊದಲು ಡಾಪ್ಲರ್ ಸ್ಕ್ಯಾನ್ (ನಾಳಗಳಲ್ಲಿ ರಕ್ತ ಹರಿಯುವುದನ್ನು ತೋರಿಸುವ ಸ್ಕ್ಯಾನ್) ಆಗಲೇಬೇಕು. ಆಳದ ನಾಳದಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟಿದ್ದರೆ ಲೆಕ್ಕವೇ ಬೇರೆ. ಆಗ ಚರ್ಮದಡಿಯ ನಾಳವೇ ಆಸರೆ ಆಗಿರಬಹುದು. ಸ್ಕ್ಯಾನ್ ಮಾಡದೆ ಲೇಸರ್‌ಗೆ ದಿನ ಕೊಡುವವರಿದ್ದರೆ ಸುಮ್ನೆ ಎದ್ದು ಬನ್ನಿ.