ಲಿನಕ್ಸ್‌ನಲ್ಲಿ ಕನ್ನಡ ಒಂದೊಂದು ಕಡೆ ಒಂದೊಂದು ಥರ ಕಾಣುತ್ತಿದೆ, ಸರಿ ಮಾಡೋದು ಹೇಗೆ?

ಆಮೇಲೆ ಓದಲು ಬರುವವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೋದ ತಿಂಗಳು ವಿಂಡೋಸ್ ಬಿಟ್ಟು ಉಬುಂಟು ಹಾಕಿಕೊಂಡಿದ್ದೀರಿ. ಒಂದು ಸೈಟಿನಲ್ಲಿ ಕನ್ನಡ ಚೆನ್ನಾಗಿದೆ, ಇನ್ನೊಂದರಲ್ಲಿ ಅಕ್ಷರ ಚೌಕ ಚೌಕವಾಗಿ, ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತಿದೆ. ತಲೆಬರಹ ಮಸಿ ಮೆತ್ತಿದ ಹಾಗಿದೆ. ವಿಂಡೋಸ್‌ನಲ್ಲಿ ಒಂದೇ ಪುಟ ಇದ್ದ ಫೈಲು ಇಲ್ಲಿ ಎರಡನೇ ಪುಟಕ್ಕೆ ಉಕ್ಕಿದೆ. ಯಾರೋ "ಸಿಗುವ ಕನ್ನಡ ಫಾಂಟ್ ಎಲ್ಲ ಹಾಕಿಬಿಡಿ" ಅಂದರು, ಹಾಕಿದ ಮೇಲೆ ಇನ್ನೂ ಕೆಟ್ಟಿತು.

ಆ ಸಲಹೆ ಕೊಟ್ಟವರನ್ನು ನಾನು ಬೈಯಲಾರೆ. ನಾನೂ ಅದನ್ನೇ ಮಾಡಿದವನು. ಕೆಲವು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ನೋಟಿಸ್ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. "ರಾಜ್ಯೋತ್ಸವ" ಅಂತ ದಪ್ಪಕ್ಷರದಲ್ಲಿ ತಲೆಬರಹ ಕೊಟ್ಟೆ. ತ ಕೆಳಗಿನ ಸ ಒತ್ತು ಪೂರ್ತಿ ಮುಚ್ಚಿಹೋಗಿ ಒಂದು ಕಪ್ಪು ಉಂಡೆಯಂತೆ ಕಂಡಿತು. ಫಾಂಟ್ ಸರಿ ಇಲ್ಲ ಅಂದುಕೊಂಡು ಇಪ್ಪತ್ತು ಫಾಂಟ್ ತಂದು ಸುರಿದೆ. ಉಂಡೆ ಹಾಗೇ ಇತ್ತು, ಜೊತೆಗೆ ಮೆನುಗಳೂ ಕೆಟ್ಟವು. ಸಿಟ್ಟಿಗೆದ್ದು ಒಂದಷ್ಟು ಸಿಸ್ಟಮ್ ಫಾಂಟ್ ಕಿತ್ತುಹಾಕಿದೆ. ಮಾರನೇ ಬೆಳಿಗ್ಗೆ ಲಾಗಿನ್ ಪರದೆಯಲ್ಲಿ ನನ್ನ ಹೆಸರಿನ ಜಾಗದಲ್ಲಿ ಬರೀ ಡಬ್ಬಿಗಳು! ಅದಕ್ಕೇ ಹೇಳುತ್ತಿದ್ದೇನೆ: ಕಾರಣ ಗೊತ್ತಾಗುವ ಮುಂಚೆ ಹಾಕುವುದೂ ಬೇಡ, ಕೀಳುವುದೂ ಬೇಡ. ಈಗ ಯಾವ ಫಾಂಟ್ ಬರುತ್ತಿದೆ, ಅದನ್ನು ಆರಿಸಿದ್ದು ಯಾರು ಅಂತ ಮೊದಲು ಕೇಳಿ.

ತೆರೆಯ ಮೇಲೆ ಒಂದು ಅಕ್ಷರ ಮೂಡಬೇಕಾದರೆ ಮೂವರು ಕೆಲಸ ಮಾಡುತ್ತಾರೆ. ಯಾವ ಫಾಂಟ್ ಬೇಕು ಅಂತ ಆರಿಸುವುದು ಫಾಂಟ್‌ಕಾನ್ಫಿಗ್. ಮ, ವಿರಾಮ (ಅರ್ಧಾಕ್ಷರದ ಗುರುತು), ಮ ಸೇರಿದರೆ ಮ್ಮ ಅಂತ ಒತ್ತು ಕೂಡಿಸುವುದು ಹಾರ್ಫ್‌ಬಜ್. ಆ ಆಕಾರಕ್ಕೆ ಪಿಕ್ಸೆಲ್ ತುಂಬುವುದು ಫ್ರೀಟೈಪ್. ಜನ ಅಕ್ಷರ ಕೆಟ್ಟಾಗ ಫ್ರೀಟೈಪನ್ನು, ಅಂದರೆ ರೆಂಡರಿಂಗ್ ಅನ್ನು, ಬೈಯುತ್ತಾರೆ. ನಾನು ನೋಡಿದ ಮಟ್ಟಿಗೆ ಹತ್ತಕ್ಕೆ ಎಂಟು ಸಲ ತಪ್ಪು ಮೊದಲನೆಯವನದ್ದು. ಕೇಳಿದ ಫಾಂಟ್ ಇಲ್ಲದಿದ್ದಾಗ ಅವನು ಬದಲಿ ಆಳನ್ನು ಕಳಿಸುತ್ತಾನೆ. ಕೆಲಸ ಬರುವವನನ್ನೇ ಕಳಿಸಿದ್ದಾನಾ ಅನ್ನುವುದಷ್ಟೇ ಪ್ರಶ್ನೆ.

ಅದನ್ನು ನೋಡಲು ಟರ್ಮಿನಲ್ ತೆಗೆಯಿರಿ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ, ನೀವು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಮೊದಲು ಎಫ್‌ಸಿ, ಅಡ್ಡಗೆರೆ, ಮ್ಯಾಚ್. ಒಂದು ಜಾಗ ಬಿಟ್ಟು ಸ್ಯಾನ್ಸ್, ಅಡ್ಡಗೆರೆ, ಸೆರಿಫ್. ಜಾಗ ಬಿಡದೆ ಕೋಲನ್, ಚಾರ್‌ಸೆಟ್, ಸಮ ಚಿಹ್ನೆ, ಆಮೇಲೆ ಸೊನ್ನೆ, ಸಿ, 9, 5. ಈ ಕೊನೆಯ ನಾಲ್ಕು ಯೂನಿಕೋಡ್‌ನಲ್ಲಿ ಕ ಅಕ್ಷರದ ಸಂಖ್ಯೆ. ಅಂದರೆ ನೀವು ಕೇಳುತ್ತಿರುವುದು ಇಷ್ಟೇ: "ಯಾವುದಾದರೂ ಸಾದಾ ಫಾಂಟ್ ಕೊಡು ಅಂದರೆ ಕ ಬರೆಯಲು ಯಾರನ್ನು ಕಳಿಸುತ್ತೀಯ?" ಉತ್ತರ ಒಂದೇ ಸಾಲು ಬರುತ್ತದೆ: ಫಾಂಟ್ ಫೈಲಿನ ಹೆಸರು, ಫಾಂಟಿನ ಹೆಸರು, ತೂಕ (ಅಂದರೆ ಅಕ್ಷರದ ದಪ್ಪ). ಅದೇ ಪ್ರಶ್ನೆಯನ್ನು ಸೆರಿಫ್‌ಗೆ (ತುದಿಯಲ್ಲಿ ಸಣ್ಣ ಗೀಟಿರುವ ಅಕ್ಷರ), ಮಾನೋಸ್ಪೇಸ್‌ಗೆ (ಎಲ್ಲ ಅಕ್ಷರಕ್ಕೂ ಒಂದೇ ಅಗಲ), ನಿಮಗೆ ತೊಂದರೆ ಕೊಡುತ್ತಿರುವ ಸೈಟು ಕೇಳುವ ಫಾಂಟಿಗೆ ಕೂಡ ಕೇಳಿ.

ಸೈಟು ಯಾವ ಫಾಂಟ್ ಕೇಳುತ್ತಿದೆ ಅಂತ ಬ್ರೌಸರೇ ಹೇಳುತ್ತದೆ. ಫೈರ್‌ಫಾಕ್ಸ್‌ನಲ್ಲಿ ಆ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಕೊಟ್ಟರೆ ಫಾಂಟ್ಸ್ ಅಂತ ಒಂದು ಭಾಗ ಇದೆ. ಕ್ರೋಮ್‌ನಲ್ಲಿ ಕಂಪ್ಯೂಟೆಡ್ ಭಾಗದ ತಳದಲ್ಲಿ ರೆಂಡರ್ಡ್ ಫಾಂಟ್ಸ್ ಅಂತ ಇರುತ್ತದೆ. ಹಳೆಯ ಕನ್ನಡ ಸೈಟುಗಳಲ್ಲಿ ಅಲ್ಲಿ ತುಂಗಾ ಕಂಡರೆ ಆಶ್ಚರ್ಯ ಬೇಡ. ಅದು ವಿಂಡೋಸ್ ಎಕ್ಸ್‌ಪಿ ಕಾಲದ ಕನ್ನಡ ಫಾಂಟ್. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ಎರಡೂ ನಿಮ್ಮ ಉಬುಂಟುವಿನಲ್ಲಿ ಇಲ್ಲ, ಹಾಗಾಗಿ ಬದಲಿ ಬರಲೇಬೇಕು.

ಈಗ ನಿಮ್ಮ ಚೌಕ ಚೌಕ ಅಕ್ಷರ. ಅಮ್ಮ ಅನ್ನುವುದು ಅಮ್‌ಮ ಅಂತ, ಒತ್ತಿಲ್ಲದೆ, ಹಳೆಯ ಬಸ್ಸಿನ ಬೋರ್ಡಿನ ಲೈಟಿನ ಹಾಗೆ ಕಾಣುತ್ತಿದೆ ಅಲ್ವಾ? ಅದು ಬಹುಶಃ ಯೂನಿಫಾಂಟ್. 1998ರಲ್ಲಿ ಶುರುವಾದ ಫಾಂಟ್, ಈಗ ಗ್ನೂ ಅನ್ನುವ ಮುಕ್ತ ತಂತ್ರಾಂಶ ಯೋಜನೆಯಲ್ಲಿದೆ, ಜಗತ್ತಿನ ಬಹುಪಾಲು ಲಿಪಿಗಳನ್ನು ಚುಕ್ಕಿಯಲ್ಲಿ ಬರೆದಿಟ್ಟಿದೆ. ಯಾವ ಲಿಪಿಯೂ ಡಬ್ಬಿಯಾಗಿ ಕಾಣಬಾರದು ಅನ್ನುವಲ್ಲಿ ಅದರ ಉಪಕಾರ ದೊಡ್ಡದು. ಆದರೆ ಕನ್ನಡದ ಒತ್ತು ಕೂಡಿಸುವ ನಿಯಮ ಅದರೊಳಗೆ ಇಲ್ಲ. "ಎಲ್ಲ ಹಾಕಿಬಿಡಿ" ಅಂದಾಗ ಅದೂ ಜೊತೆಗೆ ಬಂದಿರಬೇಕು. ಸಾಫ್ಟ್‌ವೇರ್ ಪಟ್ಟಿಯಲ್ಲಿ ಹೆಸರಿನಲ್ಲಿ ಯೂನಿಫಾಂಟ್ ಇರುವುದನ್ನು ತೆಗೆಯಿರಿ. ತೆಗೆಯುವಾಗ "ಇದರ ಜೊತೆ ಇವೂ ಹೋಗುತ್ತವೆ" ಅಂತ ಉದ್ದದ ಪಟ್ಟಿ ತೋರಿಸಿದರೆ ಅಲ್ಲೇ ನಿಲ್ಲಿಸಿ. ಕೆಳಗೆ ಹೇಳುವ ಫೈಲಿನಲ್ಲೇ ಅದನ್ನು ಬೇಡ ಅನ್ನಬಹುದು, ಸೆಲೆಕ್ಟ್‌ಫಾಂಟ್ ಒಳಗೆ ರಿಜೆಕ್ಟ್‌ಫಾಂಟ್ ಅಂತ ಒಂದು ಟ್ಯಾಗ್ (ಕೋನ ಕಂಸದೊಳಗೆ ಬರೆಯುವ ಹೆಸರು) ಇದೆ.

ಮಸಿ ಮೆತ್ತಿದ ತಲೆಬರಹಕ್ಕೆ ಕಾರಣ ಬೇರೆ. ಲೋಹಿತ್ ಕನ್ನಡ ಅನ್ನುವ ಫಾಂಟ್ ಬಹಳ ವರ್ಷದಿಂದ ಲಿನಕ್ಸ್‌ನಲ್ಲಿ ಕನ್ನಡದ ಕೆಲಸ ಮಾಡಿಕೊಂಡು ಬಂದಿದೆ, ಓದಲು ಏನೂ ತೊಂದರೆ ಇಲ್ಲ. ಆದರೆ ಅದರಲ್ಲಿ ದಪ್ಪಕ್ಷರವೇ ಇಲ್ಲ, ಇರುವುದು ಸಾದಾ ತೂಕ ಒಂದೇ. ಬೋಲ್ಡ್ ಕೇಳಿದಾಗ ಕಂಪ್ಯೂಟರ್ ಅದೇ ಅಕ್ಷರವನ್ನು ಸುತ್ತಲೂ ಉಬ್ಬಿಸಿ ಕೊಡುತ್ತದೆ. ಇಂಗ್ಲಿಷಿನ ಎಲ್, ಟಿಗಳಿಗೆ ಇದು ನಡೆಯುತ್ತದೆ. ನಮ್ಮ ಅಕ್ಷರಗಳಲ್ಲಿ ಕಣ್ಣುಗಳು ಸಣ್ಣವು, ಒತ್ತುಗಳಲ್ಲಿ ಇನ್ನೂ ಸಣ್ಣವು, ಉಬ್ಬಿದರೆ ಮುಚ್ಚಿಕೊಳ್ಳುತ್ತವೆ. ನನ್ನ ರಾಜ್ಯೋತ್ಸವದ ಉಂಡೆಯ ಗುಟ್ಟು ಇದೇ. ನೋಟೋ ಸ್ಯಾನ್ಸ್ ಕನ್ನಡದಲ್ಲಿ ಬೋಲ್ಡ್ ಅನ್ನು ಬೇರೆಯಾಗಿಯೇ ಬರೆದಿದ್ದಾರೆ. ಉಬುಂಟುವಿನಲ್ಲಿ ಫಾಂಟ್ಸ್-ನೋಟೋ-ಕೋರ್ ಅನ್ನುವ ಪ್ಯಾಕೇಜಿನಲ್ಲಿ ಸಾದಾ ಮತ್ತು ಬೋಲ್ಡ್ ಎರಡೂ ಬರುತ್ತವೆ. ನಾನು ಹೊಸದಾಗಿ ಹಾಕಲು ಹೇಳುವುದು ಇದೊಂದನ್ನೇ. (ಅಕ್ಷರ ಸಿಗದಾಗ ಕಾಣುವ ಡಬ್ಬಿಗೆ ತೋಫು ಅನ್ನುತ್ತಾರೆ. "ನೋ ತೋಫು" ಅನ್ನುವುದೇ ನೋಟೋ ಆಗಿದೆ.) ಬಾಗಿದ ಅಕ್ಷರದ ಕಥೆಯೂ ಹೀಗೇ. ಕನ್ನಡಕ್ಕೆ ಇಟಾಲಿಕ್ ಅನ್ನುವ ಸಂಪ್ರದಾಯವೇ ಇಲ್ಲ, ಸುಮ್ನೆ ಸೊಟ್ಟಗೆ ತಳ್ಳಿ ಕೊಡುತ್ತದೆ. ಆದಷ್ಟೂ ಬಳಸಬೇಡಿ.

ಈಗ ಮುಖ್ಯವಾದ ಕೆಲಸ. ನೋಟೋ ಹಾಕಿದ ಮಾತ್ರಕ್ಕೆ ಅದೇ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಫಾಂಟ್‌ಕಾನ್ಫಿಗ್‌ಗೆ ಬಾಯಿ ಬಿಟ್ಟು ಹೇಳಬೇಕು. ನಿಮ್ಮ ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ, ಅಡಗಿರುವ ಫೋಲ್ಡರುಗಳು ಕಾಣುತ್ತವೆ. ಚುಕ್ಕಿಯಿಂದ ಶುರುವಾಗುವ ಕಾನ್ಫಿಗ್, ಅದರೊಳಗೆ ಫಾಂಟ್‌ಕಾನ್ಫಿಗ್ (ಇಲ್ಲದಿದ್ದರೆ ಮಾಡಿಕೊಳ್ಳಿ), ಅದರೊಳಗೆ ಫಾಂಟ್ಸ್ ಡಾಟ್ ಕಾನ್ಫ್ ಅಂತ ಒಂದು ಫೈಲು. ಇದೇ ಹೆಸರಿನ ಇನ್ನೊಂದು ಫೈಲು ಸಿಸ್ಟಮ್‌ನ ಇಟಿಸಿ ಫೋಲ್ಡರಿನೊಳಗೆ ಫಾಂಟ್ಸ್‌ನಲ್ಲಿದೆ, ಅದನ್ನು ಮುಟ್ಟಬೇಡಿ. ಅದರ ಮೊದಲ ಎರಡು ಸಾಲನ್ನು ಮಾತ್ರ ನಕಲು ಮಾಡಿಕೊಂಡು, ಫಾಂಟ್‌ಕಾನ್ಫಿಗ್ ಅನ್ನುವ ಟ್ಯಾಗ್ ತೆರೆದು ಮುಚ್ಚಿ. ಒಳಗೆ ಬರೆಯಬೇಕಾದ್ದು ಒಂದು ಏಲಿಯಾಸ್, ಅಂದರೆ "ಈ ಹೆಸರು ಕೇಳಿದರೆ ಈ ಫಾಂಟ್ ಕೊಡು" ಅನ್ನುವ ನಿಯಮ. ಏಲಿಯಾಸ್ ಒಳಗೆ ಫ್ಯಾಮಿಲಿ ಟ್ಯಾಗಿನಲ್ಲಿ ಸ್ಯಾನ್ಸ್-ಸೆರಿಫ್. ಅದಾದ ಮೇಲೆ ಪ್ರಿಫರ್ ಟ್ಯಾಗ್, ಅದರೊಳಗೆ ಎರಡು ಫ್ಯಾಮಿಲಿ: ಮೊದಲು ನೋಟೋ ಸ್ಯಾನ್ಸ್, ಆಮೇಲೆ ನೋಟೋ ಸ್ಯಾನ್ಸ್ ಕನ್ನಡ. ಈ ಕ್ರಮ ತಪ್ಪಬಾರದು. ಮೊದಲನೆಯದರಲ್ಲಿ ಕನ್ನಡ ಇಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರ ಅದರಿಂದ ಬರುತ್ತದೆ, ಕನ್ನಡ ಎರಡನೆಯದಕ್ಕೆ ಇಳಿಯುತ್ತದೆ. ತಿರುಗಿಸಿ ಬರೆದರೆ ಇಡೀ ಕಂಪ್ಯೂಟರಿನ ಇಂಗ್ಲಿಷೂ ಕನ್ನಡ ಫಾಂಟಿನೊಳಗಿಂದ ಬರಬಹುದು.

ಇಲ್ಲಿ ನಾನು ಎರಡು ಸಲ ಜಾರಿ ಬಿದ್ದಿದ್ದೇನೆ, ನೀವು ಬೀಳಬೇಡಿ. ಮೊದಲು ನಾನು "ಭಾಷೆ ಕನ್ನಡವಾಗಿದ್ದರೆ ಮಾತ್ರ ನೋಟೋ ಕೊಡು" ಅಂತ ಬರೆದಿದ್ದೆ. ಕೇಳಲು ಸರಿಯಾಗಿದೆ. ಆದರೆ ಭಾಷೆ ಯಾವುದು ಅಂತ ಫಾಂಟ್‌ಕಾನ್ಫಿಗ್‌ಗೆ ಗೊತ್ತಾಗುವುದು ಪುಟವೋ ಆ್ಯಪ್ಪೋ ಹೇಳಿದಾಗ ಮಾತ್ರ. ಹೇಳದಿದ್ದರೆ ನಿಮ್ಮ ಸಿಸ್ಟಮ್‌ನ ಭಾಷೆಯನ್ನೇ ಹಿಡಿದುಕೊಳ್ಳುತ್ತದೆ. ನನ್ನದು ಇಂಗ್ಲಿಷ್, ನಿಮ್ಮದೂ ಅದೇ ಇರಬೇಕು. ಎಷ್ಟೋ ಕನ್ನಡ ಪುಟಗಳು ಒಳಗೊಳಗೇ ತಮ್ಮ ಭಾಷೆ ಇಂಗ್ಲಿಷ್ ಅಂತ ಬರೆದುಕೊಂಡಿರುತ್ತವೆ. ಹಾಗಾಗಿ ನನ್ನ ನಿಯಮ ಅರ್ಧ ಸೈಟುಗಳಲ್ಲಿ ಕೆಲಸ ಮಾಡಲೇ ಇಲ್ಲ. ನಿಮ್ಮ ಹಾಗೇ, ಒಂದು ಸೈಟು ಚಂದ, ಒಂದು ಸೈಟು ಕೆಟ್ಟದು.

ಭಾಷೆಯ ಷರತ್ತು ತೆಗೆದ ಮೇಲೂ ಒಂದು ತಗಾದೆ ಉಳಿಯಿತು. ಏಲಿಯಾಸ್‌ನಲ್ಲಿ ಹೇಳಿದ ಹೆಸರನ್ನು ಫಾಂಟ್‌ಕಾನ್ಫಿಗ್ ಸಾಮಾನ್ಯವಾಗಿ ಸಡಿಲವಾದ ಸಲಹೆ ಅಂತ ತೆಗೆದುಕೊಳ್ಳುತ್ತದೆ. ಸಡಿಲ ಸಲಹೆಗಿಂತ ಭಾಷೆಗೆ ಬೆಲೆ ಜಾಸ್ತಿ. ಸಿಸ್ಟಮ್ ಇಂಗ್ಲಿಷ್ ಆಗಿದ್ದರೆ, ಇಂಗ್ಲಿಷ್ ಅಕ್ಷರವೂ ಇರುವ ಬೇರೆ ಯಾವುದೋ ಕನ್ನಡ ಫಾಂಟ್ ಸಾಲಿನಲ್ಲಿ ಮುಂದೆ ನುಗ್ಗುತ್ತದೆ. ಜಾಸ್ತಿ ಫಾಂಟ್ ಹಾಕಿದಷ್ಟೂ ನುಗ್ಗುವವರು ಜಾಸ್ತಿ. ಇದಕ್ಕೆ ಮದ್ದು: ಏಲಿಯಾಸ್ ಟ್ಯಾಗಿನ ಒಳಗೇ ಬೈಂಡಿಂಗ್, ಸಮ ಚಿಹ್ನೆ, ಸ್ಟ್ರಾಂಗ್ ಅಂತ ಸೇರಿಸಿ (ಸ್ಟ್ರಾಂಗ್ ಉದ್ಧರಣ ಚಿಹ್ನೆಯಲ್ಲಿರಲಿ). ಆಗ ಸಲಹೆ ಹೋಗಿ ಆಜ್ಞೆ ಆಗುತ್ತದೆ. ಇದೇ ಅಚ್ಚಿನಲ್ಲಿ ಸೆರಿಫ್‌ಗೆ ನೋಟೋ ಸೆರಿಫ್ ಮತ್ತು ನೋಟೋ ಸೆರಿಫ್ ಕನ್ನಡ, ತುಂಗಾಗೆ ನೇರವಾಗಿ ನೋಟೋ ಸ್ಯಾನ್ಸ್ ಕನ್ನಡ ಬರೆದುಕೊಳ್ಳಿ. ಫೈಲು ಉಳಿಸಿ, ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ, ಮೊದಲಿನ ಕಮಾಂಡ್ ಮತ್ತೆ ಕೊಡಿ. ಕ ಬರೆಯಲು ನೋಟೋ ಬಂದರೆ ಗೆದ್ದಿರಿ.

ಕಮಾಂಡ್ ಸರಿ ಹೇಳಿ ಆ್ಯಪ್ ಮಾತ್ರ ಹಠ ಹಿಡಿದರೆ, ಆ ಆ್ಯಪ್ ಫ್ಲ್ಯಾಟ್‌ಪ್ಯಾಕ್ ಅನ್ನುವ ರೀತಿಯಲ್ಲಿ ಹಾಕಿದ್ದು ಇರಬಹುದು. ಅದು ತನ್ನದೇ ಪೆಟ್ಟಿಗೆಯಲ್ಲಿ ಕೂತಿರುತ್ತದೆ, ಫಾಂಟುಗಳು ಕಾಣುತ್ತವೆ, ನಿಮ್ಮ ಫೈಲು ಕಾಣುವುದಿಲ್ಲ. ಅಂಥ ಆ್ಯಪ್‌ಗಳ ಅನುಮತಿ ನೋಡಿಕೊಳ್ಳುವ ಫ್ಲ್ಯಾಟ್‌ಸೀಲ್ ಹಾಕಿಕೊಂಡು, ನೀವು ಫೈಲು ಇಟ್ಟ ಫೋಲ್ಡರ್ ಓದಲು ಅನುಮತಿ ಕೊಡಬೇಕು. ಫೈರ್‌ಫಾಕ್ಸ್‌ಗೆ ತನ್ನದೇ ಸೆಟ್ಟಿಂಗ್ ಕೂಡ ಇದೆ: ಫಾಂಟ್ಸ್, ಅಡ್ವಾನ್ಸ್ಡ್, ಪಟ್ಟಿಯಲ್ಲಿ ಕನ್ನಡ.

ಎರಡನೇ ಪುಟಕ್ಕೆ ಉಕ್ಕಿದ ಫೈಲಿನ ವಿಷಯ. ಏರಿಯಲ್ ಬದಲು ಲಿಬರೇಶನ್ ಸ್ಯಾನ್ಸ್, ಕ್ಯಾಲಿಬ್ರಿ ಬದಲು ಕಾರ್ಲಿಟೋ ಬಂದರೆ ಸಾಲು ಕದಲುವುದಿಲ್ಲ, ಅಕ್ಷರದ ಅಗಲವನ್ನು ಬೇಕಂತಲೇ ಒಂದೇ ಇಟ್ಟು ಮಾಡಿದ ಫಾಂಟುಗಳು ಅವು. ನಿರ್ಮಲಾ ಯುಐ ಬದಲು ನೋಟೋ ಬಂದರೆ ಅಗಲವೂ ಬೇರೆ, ಎತ್ತರವೂ ಬೇರೆ. ಸಾಲು ಕದಲಿಯೇ ಕದಲುತ್ತದೆ. ಫೈಲು ಎರಡೂ ಕಡೆ ಓಡಾಡಬೇಕಾದರೆ ವಿಂಡೋಸ್‌ನಲ್ಲೂ ನೋಟೋ ಹಾಕಿ, ಅಥವಾ ಲಿಬ್ರೆಆಫೀಸ್‌ನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ ಅಂತ ಹೋಗಿ ಫಾಂಟನ್ನು ಫೈಲಿನೊಳಗೇ ತುಂಬಿಸಿ. ಪ್ರಿಂಟಿಗೆ ಕೊಡುವುದಾದರೆ ಪಿಡಿಎಫ್ ಮಾಡಿಯೇ ಕೊಡಿ. ನನ್ನ ನೋಟಿಸ್ ಅಂಗಡಿಯಲ್ಲಿ ಎರಡು ಹಾಳೆ ಆಗಿ ಬಂದು, ಎರಡನೇ ಹಾಳೆಯಲ್ಲಿ "ಎಲ್ಲರೂ ಬನ್ನಿ" ಅಂತ ಒಂದೇ ಸಾಲು ಇತ್ತು.

ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ಬಲೆ. ಅದಕ್ಕೆ ಕನ್ನಡ ಅಂದರೆ ಕಾಂಪ್ಲೆಕ್ಸ್ ಟೆಕ್ಸ್ಟ್, ಸಿಟಿಎಲ್ ಅಂತ ಕರೆಯುತ್ತದೆ. ಇಂಗ್ಲಿಷಿನ ಫಾಂಟ್ ಬೇರೆ, ಇದರದ್ದು ಬೇರೆ. ಒಂದನ್ನು ಬದಲಾಯಿಸಿ "ಏನೂ ಆಗಲಿಲ್ಲ" ಅಂತ ಕೂರುವವರೇ ಜಾಸ್ತಿ. ಟೂಲ್ಸ್, ಆಪ್ಶನ್ಸ್‌ನ ಭಾಷೆಯ ಭಾಗದಲ್ಲಿ ಸಿಟಿಎಲ್‌ಗೆ ಟಿಕ್ ಹಾಕಿ ಕನ್ನಡ ಆರಿಸಿ. ಆಮೇಲೆ ಅಕ್ಷರದ ಪೆಟ್ಟಿಗೆಯಲ್ಲಿ ಕನ್ನಡಕ್ಕೆ ಬೇರೆ ಜಾಗ ಕಾಣುತ್ತದೆ.

ಹಳೆಯ ಫೈಲು ತೆರೆದಾಗ ಕನ್ನಡದ ಬದಲು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಆ ಗೀಟಿನ ಎ, ಹೀಗೆ ಕಂಡರೆ ಮೇಲಿನ ಯಾವ ಉಪಾಯವೂ ನಡೆಯುವುದಿಲ್ಲ. ಅದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಹಳೆಯ ವಿಧಾನದಲ್ಲಿ ಟೈಪ್ ಮಾಡಿದ್ದು. ಆ ನಾಲ್ಕು ಗುರುತು ಸೇರಿದರೆ "ಕನ". ಅಲ್ಲಿ ಕನ್ನಡದ ಅಕ್ಷರಗಳೇ ಇಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ತಿರುಗಿಸಿ, ಒಮ್ಮೆ ಕಣ್ಣಾಡಿಸಿ.

ಇಷ್ಟೆಲ್ಲ ಆದ ಮೇಲೂ ಅಕ್ಷರ ಮಸುಕು ಅನಿಸಿದರೆ ಆಗ ಫ್ರೀಟೈಪ್ ಸರದಿ. ಗ್ನೋಮ್ ಟ್ವೀಕ್ಸ್ ಅನ್ನುವ ಆ್ಯಪ್ ಹಾಕಿ, ಫಾಂಟ್ಸ್‌ನಲ್ಲಿ ಹಿಂಟಿಂಗ್ ಸ್ಲೈಟ್ ಇಡಿ. ಫುಲ್ ಇಟ್ಟರೆ ಅಕ್ಷರವನ್ನು ಪಿಕ್ಸೆಲ್ ಸಾಲಿಗೆ ಎಳೆದು ನಮ್ಮ ಗುಂಡು ಅಕ್ಷರಗಳ ಮೈ ಕೆಡಿಸುತ್ತದೆ. ಸ್ಲೈಟ್ ಎತ್ತರದ ದಿಕ್ಕಿನಲ್ಲಿ ಮಾತ್ರ ಸ್ವಲ್ಪ ಜರುಗಿಸುತ್ತದೆ. ಹಳೆಯ 1366×768 ತೆರೆ ಆಗಿದ್ದರೆ ಸಬ್‌ಪಿಕ್ಸೆಲ್ ಪ್ರಯತ್ನಿಸಿ, ಅಂಚಿನಲ್ಲಿ ಬಣ್ಣ ಕಂಡು ಕಿರಿಕಿರಿಯಾದರೆ ಗ್ರೇಸ್ಕೇಲ್‌ಗೆ ವಾಪಸ್ ಬನ್ನಿ.

ಟರ್ಮಿನಲ್‌ನಲ್ಲಿ ಕನ್ನಡ ಎಡವಟ್ಟಾಗಿ ಕಂಡರೆ ಫಾಂಟ್ ಹುಡುಕುತ್ತಾ ರಾತ್ರಿ ಕಳೆಯಬೇಡಿ. ಅಲ್ಲಿ ಪ್ರತಿ ಅಕ್ಷರಕ್ಕೂ ಇಂತಿಷ್ಟೇ ಅಗಲದ ಖಾನೆ, "ರಾಷ್ಟ್ರ"ದ ಷ್ಟ್ರ ಅದರಲ್ಲಿ ಹಿಡಿಸುವುದಿಲ್ಲ. ಉಳಿದ ಕಡೆ ಸರಿ ಹೋಗದಿದ್ದರೆ, ಆ ಎಫ್‌ಸಿ-ಮ್ಯಾಚ್ ಕೊಟ್ಟ ಸಾಲನ್ನೂ ನೀವು ಬರೆದ ಏಲಿಯಾಸ್‌ನೂ ಇಲ್ಲೇ ಕೆಳಗೆ ಹಾಕಿ, ಸಂಜೆ ನೋಡಿ ಹೇಳುತ್ತೇನೆ.