ಹೊಸ ಟಿವಿಯ ಚಿತ್ರ ಮಸುಕು ಅಂತ ಕೇಳಿದ ಅಣ್ಣನಿಗೆ

ಚಿಂತಾಮಣಿ ಕಡೆಯ ಅಣ್ಣ ಕೇಳಿದ್ದಾರೆ: 43 ಇಂಚಿನ ಫುಲ್ ಎಚ್‌ಡಿ ಟಿವಿ ತಂದೆ, ಮುಖಗಳು ಮಸುಕು, ಜನ ದಪ್ಪ ದಪ್ಪ ಕಾಣುತ್ತಾರೆ, ಹಳೇ ಡಬ್ಬ ಟಿವಿಯೇ ವಾಸಿ, ವಾಪಸ್ ಕೊಡಲಾ?

ಕೊಡಬೇಡಿ ಅಣ್ಣ. ನೀವು ಹಾಕಿದ ಫೋಟೋದಲ್ಲೇ ಉತ್ತರ ಇದೆ. ಸೆಟ್ ಟಾಪ್ ಬಾಕ್ಸಿನಿಂದ ಟಿವಿಗೆ ಹಳದಿ, ಕೆಂಪು, ಬಿಳಿ ವೈರ್ ಹಾಕಿದ್ದಾರೆ. ಅದರಲ್ಲಿ ಎಚ್‌ಡಿ ಚಿತ್ರ ಬರುವುದೇ ಇಲ್ಲ. ಸಾಧಾರಣ ಚಾನೆಲ್ಲಿನ ಚಿತ್ರದಲ್ಲಿ ಹೆಚ್ಚೆಂದರೆ 720×576, ಅಂದರೆ ಸುಮಾರು 4 ಲಕ್ಷ ಚುಕ್ಕಿ. ನಿಮ್ಮ ಪರದೆಯಲ್ಲಿ ಇರುವುದು 1920×1080, 20 ಲಕ್ಷಕ್ಕೂ ಜಾಸ್ತಿ. ಮಿಕ್ಕಿದ್ದನ್ನು ಟಿವಿ ಅಂದಾಜಿನ ಮೇಲೆ ತುಂಬಿಸುತ್ತದೆ. ಮಸುಕಾಗದೆ ಇನ್ನೇನಾಗುತ್ತದೆ? ಹಳೇ ಟಿವಿ ಚಿಕ್ಕದು, ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಮೊದಲು ಎಚ್‌ಡಿಎಂಐ ಕೇಬಲ್ (ಎಚ್‌ಡಿ ಚಿತ್ರ, ಶಬ್ದ ಎರಡನ್ನೂ ಒಂದೇ ವೈರಿನಲ್ಲಿ ತರುವುದು) ಹಾಕಿ. ಸಾದಾ ಕೇಬಲ್ ಸಾಕು, ಚಿನ್ನದ ಲೇಪ ಅಂತ ದುಬಾರಿ ಮಾರುವುದು ಬೇಡ. ಬಾಕ್ಸಿನಲ್ಲಿ ಅದರ ಜಾಗವೇ ಇಲ್ಲದಿದ್ದರೆ ಅದು ಎಚ್‌ಡಿ ಬಾಕ್ಸ್ ಅಲ್ಲ, ಬದಲಾಯಿಸಲೇಬೇಕು. ಕೇಬಲ್ ಹಾಕಿದರೆ ಕೆಲಸ ಮುಗಿಯಿತು ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಬಾಕ್ಸಿನ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ (ಚಿತ್ರದ ಚುಕ್ಕಿಗಳ ಲೆಕ್ಕ) 576 ಇದ್ದರೆ 1080 ಮಾಡಿ. ಆಮೇಲೆ ಚಾನೆಲ್. ಉದಯ ಬೇರೆ, ಉದಯ ಎಚ್‌ಡಿ ಬೇರೆ. ನಂಬರೂ ಬೇರೆ, ಪ್ಯಾಕಿಗೆ ದುಡ್ಡೂ ಬೇರೆ. ನೀವು ನೋಡುವ ನಾಲ್ಕೈದು ಚಾನೆಲ್ ಮಾತ್ರ ಎಚ್‌ಡಿ ಹಾಕಿಸಿಕೊಳ್ಳಿ, ಸುಮ್ನೆ ಎಲ್ಲದಕ್ಕೂ ಕಟ್ಟಬೇಡಿ.

ನಿಮ್ಮ ಪ್ರಶ್ನೆಗೆ ಯಾರೋ ಡಿಶ್ ತಿರುಗಿಸಿ ನೋಡಿ ಅಂದಿದ್ದಾರೆ. ಅದು ಬೇಡ. ಈಗಿನದು ಡಿಜಿಟಲ್ ಸಿಗ್ನಲ್. ಅದು ಕಮ್ಮಿಯಾದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲಾ ನಿಂತೇ ಹೋಗುತ್ತದೆ, ಜೋರು ಮಳೆಯಲ್ಲಿ ಆಗುತ್ತದಲ್ವಾ ಹಾಗೆ. ಮಸುಕಾಗುವುದಿಲ್ಲ.

ಜನ ದಪ್ಪ ಕಾಣುವುದು 4:3 ಚಿತ್ರವನ್ನು (ಹಳೇ ಟಿವಿಯ ಹೆಚ್ಚುಕಮ್ಮಿ ಚೌಕ ಆಕಾರ) 16:9ಕ್ಕೆ (ಈಗಿನ ಅಗಲ ಪರದೆ) ಎಳೆದಿರುವುದರಿಂದ. ಅಂಥ ಹಳೇ ಕಾರ್ಯಕ್ರಮಗಳನ್ನು ಎಳೆಯದೆ 4:3ರಲ್ಲೇ ಇಡಿ, ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಬರಲಿ ಬಿಡಿ. ನ್ಯೂಸ್ ಚಾನೆಲ್ಲಿನ ಕೆಳಗಿನ ಅಕ್ಷರ ಕತ್ತರಿಸಿ ಹೋಗುತ್ತಿದ್ದರೆ ಟಿವಿಯ ಪಿಕ್ಚರ್ ಸೈಜಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಅಂತ ಇರುತ್ತದೆ, ಅದನ್ನು ಹಾಕಿ.

ಇನ್ನು ಬಣ್ಣ. ‘ವಿವಿಡ್’ ಮೋಡ್ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಗಿರಾಕಿ ಕಣ್ಣು ಸೆಳೆಯಲಿಕ್ಕೆ ಇರುವುದು. ಮನೆಗೆ ‘ಸಿನಿಮಾ’ ಅಥವಾ ‘ಮೂವಿ’ ಇಡಿ. ಮೊದಲು ಹಳದಿ ಹಳದಿ ಅನಿಸುತ್ತದೆ, ಒಂದು ವಾರ ತಡೆದುಕೊಳ್ಳಿ. ಶಾರ್ಪ್‌ನೆಸ್ ಏರಿಸಿದರೆ ಮಸುಕು ಹೋಗುವುದಿಲ್ಲ, ಅಂಚಿಗೆ ಬಿಳಿ ಗೆರೆ ಬರುತ್ತದೆ ಅಷ್ಟೇ. ಆ ಗೆರೆ ಮಾಯವಾಗುವ ತನಕ ಇಳಿಸಿ. ಬ್ರೈಟ್‌ನೆಸ್ ಸರಿ ಇದೆಯಾ ಅಂತ ತಿಳಿಯಲು ರಾತ್ರಿ ಸೀನಿನಲ್ಲಿ ಕಪ್ಪು ಕೂದಲು ನೋಡಿ: ಎಳೆ ಎಳೆ ಕಾಣಬೇಕು, ಆದರೆ ಬೂದಿ ಬಣ್ಣ ಆಗಬಾರದು. ಹಗಲಲ್ಲಿ ಚಿತ್ರ ಮಂಕಾಗಿ ಕಂಡರೆ ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಏರಿಸಿ, ಬ್ರೈಟ್‌ನೆಸ್ ಮುಟ್ಟಬೇಡಿ.

ಸಿನಿಮಾದ ಚಲನೆ ಅತಿ ನುಣುಪಾಗಿ, ಸೀರಿಯಲ್ ತರಹ ಕಂಡರೆ ‘ಮೋಷನ್’ ಹೆಸರಿನ ಆಯ್ಕೆ ಆಫ್ ಮಾಡಿ. ಕ್ರಿಕೆಟ್‌ಗೆ ಇದ್ದರೂ ನಡೆಯುತ್ತದೆ.

ಐದೂವರೆ, ಆರು ಅಡಿ ದೂರ ಕೂತರೆ ಎಚ್‌ಡಿಯ ಅಂದ ಗೊತ್ತಾಗುತ್ತದೆ. ಸಾದಾ ಚಾನೆಲ್‌ಗೆ ಇನ್ನೂ ಸ್ವಲ್ಪ ಹಿಂದೆ ಸರಿಯಿರಿ. ಒಂದು ವಿಷಯ: ಬಹಳಷ್ಟು ಟಿವಿಗಳಲ್ಲಿ ಮೇಲೆ ಹೇಳಿದ ಚಿತ್ರದ ಸೆಟ್ಟಿಂಗ್ ಆಯಾ ಇನ್‌ಪುಟ್‌ಗೆ ಮಾತ್ರ. ಬಾಕ್ಸಿಗೆ ಮಾಡಿದ್ದು ಯೂಟ್ಯೂಬಿಗೆ ಬರುವುದಿಲ್ಲ, ಅಲ್ಲಿ ಇನ್ನೊಂದು ಸಲ ಮಾಡಬೇಕು.